ಒಂಟೆ ಇಲ್ಲದ ಊರಿನ ಪುಟ

ಐತ್ ಉಗ್ನಿ ಎಂಬ ಬೆಟ್ಟದ ಊರಿನಲ್ಲಿ ನೇಯ್ದ ಜಮಖಾನವೊಂದು ಊರು ಬಿಟ್ಟು ಹೋಗಿ ಮತ್ತೆ ಊರಿಗೇ ಬಂದದ್ದು ಅದೇ ಮೊದಲು.

ಗುರುವಾರದ ಸಂತೆಯಿಂದ ಬರುವ ವ್ಯಾನಿನವನು ಕಟ್ಟನ್ನು ನೇಕಾರ್ತಿಯರ ಸಂಘದ ಕೋಣೆಯ ಬಾಗಿಲಿಗೆ ಒರಗಿಸಿ ಹೋದ. ಮೇಲೆ ಫ್ರಾನ್ಸಿನ ಅಂಚೆ ಮುದ್ರೆ. ತೂದಾ ಹಗ್ಗ ಬಿಚ್ಚಿದಳು. ಒಳಗಿದ್ದದ್ದು ಅವಳೇ ನಾಲ್ಕು ತಿಂಗಳು ಕೂತು ನೇಯ್ದ ಕೆಂಪು ಜಮಖಾನ. ಜೊತೆಗೊಂದು ಚೀಟಿ. ಸಂಘದ ಆರು ಹೆಂಗಸರಲ್ಲಿ ಫ್ರೆಂಚ್ ಓದಲು ಬರುವುದು ಇಜ್ಜಾ ಒಬ್ಬಳಿಗೇ. ಅವಳು ಚೀಟಿಯನ್ನು ಬೆಳಕಿಗೆ ಹಿಡಿದಳು.

"ಇದು ಚಿತ್ರದಲ್ಲಿದ್ದ ಜಮಖಾನವಲ್ಲ. ಅಷ್ಟೇ ಬರ್ದಿರೋದು."

ತೂದಾ ಜಮಖಾನವನ್ನು ಒಳಮೈ ಹೊರಗಾಗುವಂತೆ ಮಡಚಿ ಎಲ್ಲಕ್ಕಿಂತ ಮೇಲಿನ ಅಟ್ಟಣೆಗೆ ಏರಿಸಿದಳು. ಅಲ್ಲಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

"ಒಂದು ಹುಡುಗೀನ ತೋರಿಸಿ ಇನ್ನೊಂದು ಹುಡುಗೀನ ಮದುವೆ ಮಾಡಿಕೊಟ್ಟ ಹಾಗಾಯ್ತು," ಅಂದಳು ಇಜ್ಜಾ. "ತಪ್ಪು ಗಂಡಿನ ಮನೆಯವರದ್ದಲ್ಲ ತೂದಾ."

"ನಾನು ನೇಯ್ದದ್ರಲ್ಲಿ ಏನು ತಪ್ಪಿದೆ?"

"ನೇಯ್ದದ್ರಲ್ಲಿ ಅಂದ್ನಾ ನಾನು?"

ತಪ್ಪು ಎಲ್ಲಿದೆ ಎಂಬುದು ತೂದಾಳಿಗೆ ಗೊತ್ತಿತ್ತು. ಅದಕ್ಕೇ ಅವಳು ಅಷ್ಟು ಬೇಗ ಬೆನ್ನು ತಿರುಗಿಸಿದ್ದು.

ಎರಡು ವರ್ಷದ ಹಿಂದೆ ಪಟ್ಟಣದ ಒಂದು ಸಂಸ್ಥೆಯವರು ಬಂದು ಸಂಘಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಪುಟಕ್ಕೆ ಚಿತ್ರ ಹಾಕುವುದನ್ನು ಇಜ್ಜಾಳಿಗೆ ಕಲಿಸಿಯೂ ಹೋಗಿದ್ದರು. ಆದರೆ ಸಂಘದ ಮುಖ್ಯಸ್ಥೆ ತೂದಾ ಅಡ್ಡ ನಿಂತಿದ್ದಳು. ಮಗ್ಗದ ಮೇಲಿರುವ ಜಮಖಾನಕ್ಕೆ ಜೀವವಿದೆ, ಹೊರಗಿನವರ ಕಣ್ಣು ಅದರ ಮೇಲೆ ಬೀಳಬಾರದು ಎಂಬುದು ಆ ಬೆಟ್ಟದ ಊರಿನ ನಂಬಿಕೆ. ಅಪರಿಚಿತರು ಬಾಗಿಲಿಗೆ ಬಂದರೆ ಇವತ್ತಿಗೂ ಮಗ್ಗಕ್ಕೆ ಬಟ್ಟೆ ಇಳಿಬಿಡುತ್ತಾರೆ. ಹಾಗಿರುವಾಗ ಲೋಕದ ಲಕ್ಷ ಕಣ್ಣಿಗೆ ಒಡ್ಡುವುದೇ? "ನಮ್ಮದೊಂದೂ ಬೇಡ," ಅಂದಿದ್ದಳು ತೂದಾ. ಹಾಗಾಗಿ ಇಜ್ಜಾ ಬೇರೆ ಬೇರೆ ಕಡೆಗಳಿಂದ ಚೆನ್ನಾಗಿ ಕಂಡ ಚಿತ್ರಗಳನ್ನು ಎತ್ತಿ ತಂದು ಹಾಕಿದ್ದಳು. ಮರಳ ದಿಬ್ಬ, ಮುಳುಗುವ ಸೂರ್ಯ, ಯಾರದೋ ನೀಲಿ ಜಮಖಾನ, ಮೇಲೆ ದೊಡ್ಡದಾಗಿ ಮೂರು ಒಂಟೆ.

ಐತ್ ಉಗ್ನಿಯಲ್ಲಿ ಒಂಟೆಯೇ ಇಲ್ಲ. ಅಲ್ಲಿರುವುದು ಹೇಸರಗತ್ತೆ, ಮೇಕೆ, ಅಕ್ರೋಟಿನ ಮರ, ಮೂರು ತಿಂಗಳ ಹಿಮ. ವಸಂತದಲ್ಲಿ ಇಬ್ಬರು ಪ್ರವಾಸಿಗಳು ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬಂದು ಒಂಟೆ ಸವಾರಿ ಎಲ್ಲಿ ಎಂದು ಕೇಳಿದ್ದರು. ಇಜ್ಜಾಳ ಗಂಡ ತನ್ನ ಹೇಸರಗತ್ತೆಯನ್ನು ತೋರಿಸಿದ್ದ. ಊರು ಒಂದು ವಾರ ನಕ್ಕಿತ್ತು.

ಈಗ ಯಾರೂ ನಗುತ್ತಿರಲಿಲ್ಲ. ರಾಜಧಾನಿ ರಬಾತ್‌ನಲ್ಲಿ ಶರತ್ಕಾಲದ ಕೈಮಗ್ಗ ಮೇಳಕ್ಕೆ ಇಪ್ಪತ್ತು ಸಂಘಗಳನ್ನು ಆರಿಸುತ್ತಾರೆ. ಆರಿಸುವವರು ಊರೂರಿಗೆ ಬರುವುದಿಲ್ಲ, ಪುಟ ನೋಡಿ ತೀರ್ಮಾನಿಸುತ್ತಾರೆ. ಹೋದ ವರ್ಷ ಐತ್ ಉಗ್ನಿಯ ಹೆಸರು ಬರಲಿಲ್ಲ. ಈ ವರ್ಷವೂ ಬರದಿದ್ದರೆ ಸಂಘ ಮುಚ್ಚುವುದೆಂದು ಆರೂ ಜನ ಮಾತಾಡಿಕೊಂಡಿದ್ದರು. ಮುಚ್ಚಿದರೆ ಮತ್ತೆ ಸಂತೆಯ ಹಮ್ಮು ಎಂಬ ವ್ಯಾಪಾರಿಯ ಅಂಗಡಿಯೇ ಗತಿ. ಅವನು ಜಮಖಾನದ ಮೂಲೆಗೆ ತನ್ನ ಅಂಗಡಿಯ ಹೆಸರಿನ ಚೀಟಿ ಹೊಲಿಸುತ್ತಾನೆ. ನೇಯ್ದವಳ ಹೆಸರು ಅಲ್ಲಿಗೆ ಅಳಿಸಿಹೋಯಿತು. ಕೋಣೆಯ ಬೀಗದ ಕೈ ತೂದಾಳ ಸೊಂಟದಲ್ಲೇ ಇತ್ತು. ಕೂತಾಗಲೆಲ್ಲ ಅದು ಚುಚ್ಚಿ ನೆನಪಿಸುತ್ತಿತ್ತು. ಪುಟ ಸರಿಮಾಡಲು ಉಳಿದಿದ್ದದ್ದು ಹನ್ನೆರಡು ದಿನ.

ಶುಕ್ರವಾರ ಇಜ್ಜಾಳ ಅಕ್ಕನ ಮಗಳು ಶಾಮಾ ಊಟಕ್ಕೆ ಬಂದಳು. ಅವಳು ಪಟ್ಟಣದ ಮಹಿಳಾ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಗೋಧಿ ರವೆಯ ಕುಸ್ಕುಸ್ ತಟ್ಟೆಯ ಸುತ್ತ ತೂದಾ, ಇಜ್ಜಾ, ತೂದಾಳ ಅತ್ತೆ ಯಮ್ನಾ ಕೂತಿದ್ದರು. ಯಮ್ನಾಳಿಗೆ ಎಂಬತ್ತು ದಾಟಿದೆ. ಕಣ್ಣು ಹೋಗಿ ಒಂಬತ್ತು ವರ್ಷ. ಒಂದು ಕಾಲದಲ್ಲಿ ಅವಳಂಥ ನೇಕಾರ್ತಿ ಆ ಕಣಿವೆಯಲ್ಲೇ ಇರಲಿಲ್ಲ.

"ನಿಮ್ಮ ಪುಟ ನೋಡಿದೆ ಲಲ್ಲಾ," ಅಂದಳು ಶಾಮಾ. ಹಿರಿಯ ಹೆಂಗಸರನ್ನು ಅಲ್ಲಿ ಲಲ್ಲಾ ಎಂದೇ ಕರೆಯುವುದು. "ನೋಡಿದೆ ಅನ್ನೋದಕ್ಕಿಂತ ಕಾದೆ ಅನ್ನಬೇಕು."

"ನಿನ್ನ ಫೋನು ಹಳೇದಿರಬೇಕು," ಅಂದಳು ತೂದಾ.

"ಹಾಗಾದ್ರೆ ನಿಮ್ಮ ಫೋನಲ್ಲೇ ನೋಡೋಣ ಬನ್ನಿ."

ಊಟವಾದ ಮೇಲೆ ಎಲ್ಲರೂ ವ್ಯಾನು ನಿಲ್ಲುವ ಅಕ್ರೋಟಿನ ಮರದ ಕೆಳಗೆ ಬಂದರು. ಊರಿನ ಅರ್ಧ ಜನ ಫೋನು ನೋಡುವುದು ಅಲ್ಲಿಯೇ. ಸಿಗ್ನಲ್ಲು ಒಂದೆಳೆ ಸಿಗುವುದೂ ಅಲ್ಲಿಯೇ. ಇಜ್ಜಾ ಚಹಾದ ಕೆಟಲ್ಲನ್ನು ಜೊತೆಗೇ ತಂದಿದ್ದಳು. ತೂದಾ ಪುಟ ತೆರೆದಳು. ಬಿಳಿ ಪರದೆ. ಇಜ್ಜಾ ಮೂರು ಕಲ್ಲು ಜೋಡಿಸಿ, ಒಲೆ ಹೊತ್ತಿಸಿ, ನೀರು ಕುದಿಸಿ, ಪುದೀನ ಹಾಕಿ, ಲೋಟಕ್ಕೆ ಬಗ್ಗಿಸಿದಳು. ಪರದೆಯ ಮೇಲೆ ಒಂಟೆಯೊಂದರ ಎರಡು ಕಿವಿ ಬಂದವು.

"ಬರ್ತಾ ಇದೆ, ಬರ್ತಾ ಇದೆ," ಅಂದಳು ಇಜ್ಜಾ. "ಸಹಾರಾದಿಂದ ನಡ್ಕೊಂಡು ಬರಬೇಕಲ್ವಾ ಪಾಪ."

ಎರಡನೇ ಲೋಟ ಮುಗಿಯುವ ಹೊತ್ತಿಗೆ ಕುತ್ತಿಗೆ ಬಂತು. ಅಷ್ಟರಲ್ಲಿ ತಾನಾಗಿಯೇ ಎಲ್ಲಿಂದಲೋ ಡೋಲಿನ ಸದ್ದು ಹೊಡೆದುಕೊಂಡಿತು. ಯಮ್ನಾ ಬೆಚ್ಚಿ ಲೋಟ ಚೆಲ್ಲಿದಳು.

"ಯಾರ ಮದುವೆಯೇ?"

"ನಮ್ಮ ಪುಟದ ವಿಡಿಯೋ ಅತ್ತೆ," ತೂದಾ ಮೆಲ್ಲಗೆ ಅಂದಳು. "ತೆರೆದ ಕೂಡಲೇ ಬಡ್ಕೊಳ್ಳುತ್ತೆ."

"ಲಲ್ಲಾ, ಈ ಮರದ ಕೆಳಗೆ ಕೂತ ನಿಮಗೇ ಹೀಗಾದ್ರೆ, ದಾರೀಲಿ ನಿಂತು ನೋಡೋವ್ರು ಇಷ್ಟು ಹೊತ್ತು ಕಾಯ್ತಾರಾ?" ಅಂದಳು ಶಾಮಾ. "ನಾಲ್ಕು ಕ್ಷಣ ನೋಡಿ ಮುಂದಿನ ಸಂಘದ ಪುಟಕ್ಕೆ ಹೋಗ್ತಾರೆ. ಕಾದು ನೋಡಿದ್ರೂ ಸಿಗೋದೇನು? ಒಂಟೆ. ನಿಮ್ಮ ಕೈಕೆಲಸ ಒಂದೂ ಇಲ್ಲ. ಬೇರೆಯವರ ಚಿತ್ರ ಕೇಳದೆ ಎತ್ಕೊಂಡಿರೋದು ಬೇರೆ. ಅದು ಅವರ ಸ್ವತ್ತು. ನಾಳೆ ಅವರು ಬಂದು ಕೇಳಿದ್ರೆ?"

"ನಮ್ಮದನ್ನ ಹಾಕಿದ್ರೆ ಕಣ್ಣು ತಗುಲುತ್ತೆ," ಅಂದಳು ತೂದಾ. ಅವಳ ದನಿಯಲ್ಲಿ ಹಟಕ್ಕಿಂತ ಭಯ ಹೆಚ್ಚಿತ್ತು. "ನೀನು ಓದಿದವಳು. ನಿನಗೆ ಇದೆಲ್ಲ ನಗು."

"ನಗಲಿಲ್ಲ ಲಲ್ಲಾ."

ಯಮ್ನಾ ಹೊದ್ದ ಶಾಲಿನಿಂದ ಕೈ ಒರೆಸಿಕೊಂಡಳು. "ತೂದಾ, ಮಗ್ಗದಿಂದ ಕತ್ತರಿಸಿದ ಮೇಲೆ ನಾವು ಏನು ಮಾಡ್ತೀವಿ?"

"ನೀರು ಚಿಮುಕಿಸ್ತೀವಿ."

"ಯಾಕೆ?"

"ಅದರ ಜೀವ ಬಿಡುಗಡೆ ಆಗ್ಲಿ ಅಂತ."

"ಬಿಡುಗಡೆ ಆದದ್ದಕ್ಕೆ ಯಾರ ಕಣ್ಣು ಏನು ಮಾಡುತ್ತೆ? ಹಾಗೆ ತಗುಲೋದಿದ್ರೆ ಅರವತ್ತು ವರ್ಷ ನಾನು ಸಂತೇಲಿ ಹಾಸಿಟ್ಟು ಮಾರಿದ್ದಕ್ಕೆಲ್ಲ ಹುಳ ಹಿಡೀಬೇಕಿತ್ತು. ಮಗ್ಗದ ಮೇಲಿರೋದನ್ನ ಮುಚ್ಚಿಡು. ಇಳಿದದ್ದನ್ನ ಯಾಕೆ ಮುಚ್ಚಿಡ್ತೀಯಾ? ನಿನಗೆ ಕಣ್ಣಿನ ಭಯ ಅಲ್ಲ. ಯಾರಾದ್ರೂ ನೋಡಿ ಚೆನ್ನಾಗಿಲ್ಲ ಅಂದುಬಿಟ್ರೆ ಅನ್ನೋ ಭಯ."

ತೂದಾ ಲೋಟದ ತಳದ ಪುದೀನ ಎಲೆಯನ್ನೇ ನೋಡುತ್ತ ಕೂತಳು. ಚೀಟಿ ಬಂದಾಗಿನಿಂದ ಅವಳು ಅದನ್ನೇ ಅಂದುಕೊಂಡದ್ದು. ಅತ್ತೆಗೆ ಹೇಗೆ ಗೊತ್ತಾಯಿತೋ.

"ಅಟ್ಟಣೆಯಿಂದ ಇಳಿಸ್ತೀನಿ," ಅಂದಳು ಕೊನೆಗೆ. "ಆದ್ರೆ ನಮ್ಮ ಮುಖ ಯಾರದ್ದೂ ಬೇಡ."

"ಒಪ್ಪದವರ ಮುಖ ಹಾಕಲೇಬಾರದು," ಅಂದಳು ಶಾಮಾ. "ಕೈ ಸಾಕು."

ಮರುದಿನ ಶಾಮಾ ಬರುವ ಮೊದಲೇ ತೂದಾ, ಇಜ್ಜಾ ಸೇರಿ ಕೆಂಪು ಜಮಖಾನವನ್ನು ಮಾಳಿಗೆಗೆ ಹೊತ್ತೊಯ್ದು ನಡುಮಧ್ಯಾಹ್ನದ ಬಿಸಿಲಿನಲ್ಲಿ ಹಾಸಿ ಚಿತ್ರ ತೆಗೆದಿದ್ದರು. ಕೆಂಪು ಬಿಳಿಚಿಕೊಂಡಿತ್ತು. ಕೋಣೆಯೊಳಗೆ ಫ್ಲ್ಯಾಶ್ ಹಾಕಿ ತೆಗೆದರು. ಎಣ್ಣೆ ಚೆಲ್ಲಿದ ಹಾಗೆ ಹೊಳೆಯಿತು.

"ಇದಕ್ಕೇ ನಾನು ಬೇಡ ಅಂದದ್ದು," ಅಂದಳು ತೂದಾ.

ಶಾಮಾ ಎರಡನ್ನೂ ನೋಡಿದಳು. "ಲಲ್ಲಾ, ಬಣ್ಣ ಹಾಕಿದ ಉಣ್ಣೆ ಸರಿಯಾಗಿದೆಯಾ ಅಂತ ನೀವು ಎಲ್ಲಿ ನಿಂತು ನೋಡ್ತೀರಿ?"

"ಬೆಳಗ್ಗೆ ಹೊಸ್ತಿಲಲ್ಲಿ. ನೆರಳಲ್ಲಿ. ಬಿಸಿಲಲ್ಲಿ ನೋಡಿದ್ರೆ ಬಣ್ಣ ಮೋಸ ಮಾಡುತ್ತೆ."

"ಮತ್ತೆ?"

ತೂದಾ ಹೊಸ್ತಿಲಿನತ್ತ ತಿರುಗಿ ನೋಡಿದಳು. ಇಜ್ಜಾ ಕಿಸಕ್ಕನೆ ನಕ್ಕಳು.

ಮಾರನೆಯ ಬೆಳಿಗ್ಗೆ ಹೊಸ್ತಿಲ ಪಕ್ಕದ ಮಣ್ಣುಗೋಡೆಗೆ ಜಮಖಾನ ತೂಗುಹಾಕಿದರು. ಹಿಂದೆ ಬಕೆಟ್ಟಿಲ್ಲ, ಒಣಗಲು ಹಾಕಿದ ಬಟ್ಟೆಯಿಲ್ಲ. ಫೋನಿನ ಕಣ್ಣನ್ನು ಬಟ್ಟೆಯಲ್ಲಿ ಒರೆಸಿ, ನೇರ ಎದುರಿಗೆ ನಿಂತು ಇಡೀ ಜಮಖಾನದ್ದೊಂದು ಚಿತ್ರ ತೆಗೆದರು. ಪಕ್ಕದಲ್ಲಿ ಮೂರು ಕಾಲಿನ ಚಹಾ ಮೇಜು ಇಟ್ಟು ಇನ್ನೊಂದು ತೆಗೆದರು. ಎಷ್ಟು ದೊಡ್ಡದೆಂದು ಅದರಿಂದ ತಿಳಿಯುತ್ತದೆ. ಆಮೇಲೆ ತೂದಾಳೇ ಜಮಖಾನ ತಿರುಗಿಸಿದಳು. "ಬೆನ್ನು ತೆಗಿ. ಗಂಟು ಎಷ್ಟು ಒತ್ತಾಗಿದೆ ಅನ್ನೋದು ಬೆನ್ನಲ್ಲೇ ಗೊತ್ತಾಗೋದು. ಕೊಳ್ಳೋಕೆ ಬಂದ ಜಾಣರು ಮೊದಲು ನೋಡೋದು ಅದನ್ನ."

"ನೀವೇ ನನಗೆ ಕಲಿಸ್ತಾ ಇದೀರಿ," ಅಂದಳು ಶಾಮಾ. "ಎಡ ಅಂಚಿನಲ್ಲಿ ಈ ಹಳದಿ ಗೆರೆ ನಡುವೆ ತೆಳುವಾಗಿದೆಯಲ್ಲ?"

ತೂದಾಳ ಮುಖ ಕಪ್ಪಿಟ್ಟಿತು. "ಕೇಸರಿ ದಳದಲ್ಲಿ ಅದ್ದಿದ ಹಳದಿ ಉಣ್ಣೆ ಮುಗೀತು. ಎರಡನೇ ಸಲ ಅದ್ದಿದ್ದು ತೆಳುವಾಯ್ತು. ಅದು ಬೇಡ."

"ಅದನ್ನೇ ಹತ್ತಿರದಿಂದ ತೆಗೀತೀನಿ. ಮುಚ್ಚಿಟ್ರೆ ಮತ್ತೆ ಚೀಟಿ ಬರುತ್ತೆ. ತೋರಿಸಿದ್ರೆ, ಕೊಳ್ಳೋರು ಗೊತ್ತಿದ್ದೇ ಕೊಳ್ತಾರೆ."

ಚೀಟಿಯ ಮಾತು ಬಂದ ಮೇಲೆ ತೂದಾ ತಾನೇ ಆ ಅಂಚನ್ನು ಎತ್ತಿ ಹಿಡಿದಳು.

ಚಿತ್ರ ನಾಲ್ಕೇ ಆಯಿತೆಂದು ಇಜ್ಜಾಳಿಗೆ ಸಮಾಧಾನವಿಲ್ಲ. ಫೋನಿನಲ್ಲಿ ನಲವತ್ತು ಇದ್ದವು. "ಎಲ್ಲ ಹಾಕೋಣ. ನೋಡೋವ್ರು ನೋಡ್ಲಿ."

"ಚಿಕ್ಕಮ್ಮ, ಅತಿಥಿ ಬಂದ್ರೆ ಮನೇಲಿರೋ ಎಲ್ಲ ರೊಟ್ಟಿ ಒಂದೇ ಸಲ ಮಡಿಲಿಗೆ ಹಾಕ್ತೀಯಾ? ಒಂದು ಬರಹಕ್ಕೆ ಮೇಲೆ ಒಂದೇ ಮುಖ್ಯ ಚಿತ್ರ. ಉಳಿದದ್ದು ಅದರ ಮಾತು ಬರೋ ಕಡೆ. ಬೆನ್ನಿನ ಮಾತು ಬಂದಾಗ ಬೆನ್ನಿನ ಚಿತ್ರ."

ಮತ್ತೆ ಭಾರದ ಪ್ರಶ್ನೆ ಬಂತು. ಫೋನು ತೆಗೆಯುವ ಚಿತ್ರ ಹಾಗೇ ಹಾಕಿದರೆ ಪುಟ ಮತ್ತೆ ಒಂಟೆಯಂತೆ ನಡೆಯುತ್ತದೆ ಎಂದು ಶಾಮಾ ಹೇಳಿದಾಗ ತೂದಾ ಹುಬ್ಬು ಗಂಟಿಕ್ಕಿದಳು.

"ಚಿತ್ರ ಚಿಕ್ಕದು ಮಾಡಿದ್ರೆ ಕೆಡೋದಿಲ್ವಾ?"

"ಕುರಿಯಿಂದ ಕತ್ತರಿಸಿದ ಉಣ್ಣೇನ ಹಾಗೇ ನೂಲ್ತೀರಾ ಲಲ್ಲಾ?"

"ಹುಚ್ಚಾ? ತೊಳೀಬೇಕು. ಜಿಡ್ಡು, ಮುಳ್ಳು ಹೋದ್ರೆ ಅರ್ಧ ತೂಕ ಇಳಿಯುತ್ತೆ."

"ಉಣ್ಣೆ ಕಡಿಮೆ ಆಯ್ತಾ?"

"ಉಣ್ಣೆ ಅಷ್ಟೇ ಇರುತ್ತೆ, ತೂಕ..." ತೂದಾ ಅಲ್ಲಿಗೇ ನಿಲ್ಲಿಸಿದಳು. "ಸರಿ, ತೊಳಿ ನಿನ್ನ ಚಿತ್ರಾನ."

ಶಾಮಾ ಚಿತ್ರದ ಗಾತ್ರ ಇಳಿಸುವ ಒಂದು ಉಚಿತ ತಂತ್ರಾಂಶದಲ್ಲಿ ನಾಲ್ಕನ್ನೂ ತೊಳೆದುಕೊಟ್ಟಳು. ಒಂದೊಂದೂ ಮೊದಲಿನ ಇಪ್ಪತ್ತನೇ ಒಂದು ಪಾಲಿಗೆ ಇಳಿಯಿತು. ತೂದಾ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ವ್ಯತ್ಯಾಸ ಸಿಗಲಿಲ್ಲ. ಸಿಕ್ಕಿದ್ದರೆ ಹೇಳದೆ ಬಿಡುವವಳಲ್ಲ.

ಇಜ್ಜಾ ಒಂಟೆ, ಮರಳನ್ನೆಲ್ಲ ಪುಟದಿಂದ ತೆಗೆದು ಹೊಸ ಚಿತ್ರ ಹಾಕಿದಳು. ಆಮೇಲೆ ಶಾಮಾ ಫೋನಿನಲ್ಲಿ ಪುಟವನ್ನು ಓದಿಹೇಳುವ ಗುಂಡಿ ಒತ್ತಿ ಅದನ್ನು ಯಮ್ನಾಳ ಕಿವಿಯ ಹತ್ತಿರ ಹಿಡಿದಳು. ಫೋನು ಗಡಸು ದನಿಯಲ್ಲಿ ಓದಿತು: "ಚಿತ್ರ. ನಾಲ್ಕು ನಾಲ್ಕು ಏಳು ಒಂದು."

"ಇದೇನು, ಬಸ್ಸಿನ ನಂಬರಾ?" ಅಂದಳು ಯಮ್ನಾ.

"ಕಣ್ಣು ಕಾಣದವರು ಪುಟವನ್ನ ಹೀಗೇ ಕೇಳೋದು ಅಜ್ಜಿ. ಚಿತ್ರದ ಹಿಂದೆ ವಿವರ ಬರೀದೆ ಇದ್ರೆ ಅದಕ್ಕೆ ಫೋನು ಕೊಟ್ಟ ನಂಬರೇ ಸಿಗೋದು. ಚಿತ್ರ ತೆರ್ಕೊಳ್ಳದ ಕಡೆ ಕಣ್ಣಿರೋವ್ರಿಗೂ ಆ ವಿವರಾನೇ ದಿಕ್ಕು. ಲಲ್ಲಾ, ಅಜ್ಜಿಗೆ ಈ ಚಿತ್ರ ಹೇಗಿದೆ ಹೇಳಿ."

"ನಾನಾ? ನನಗೆ ಬರಿಯೋಕೆ ಬರೋದಿಲ್ಲ."

"ಬರೀಬೇಡಿ. ಅಜ್ಜಿಗೆ ಹೇಳಿ. ಬರಿಯೋದು ನಮ್ಮ ಕೆಲಸ."

ತೂದಾ ಅತ್ತೆಯ ಪಕ್ಕ ಕೂತಳು. ಅವಳ ಬೆರಳು ತಾನಾಗಿಯೇ ಯಮ್ನಾಳ ಅಂಗೈ ಮೇಲೆ ಗೆರೆ ಎಳೆಯತೊಡಗಿತು. "ಮಂಜಿಷ್ಠದ ಬೇರಿನ ಕೆಂಪು ನೆಲ. ನಡುವೆ ಮೂರು ವಜ್ರ, ದಾಳಿಂಬೆ ಸಿಪ್ಪೆಯ ಕಪ್ಪು ಅಂಚು. ಸುತ್ತ ಕೇಸರಿಯ ಹಳದಿ ಗೆರೆ. ಎಡಗಡೆ ಒಂದು ಗೇಣು ಗೆರೆ ತೆಳುವಾಗಿದೆ, ಸಂಜೆ ಬಿಸಿಲಿನ ಹಾಗೆ."

ಯಮ್ನಾ ತನ್ನ ಅಂಗೈಯನ್ನು ಮಡಚಿಕೊಂಡಳು. "ಕಂಡಿತು," ಅಂದಳು. "ಒಂಬತ್ತು ವರ್ಷದಲ್ಲಿ ನೀನು ನೇಯ್ದದ್ದು ಒಂದನ್ನೂ ನನಗೆ ಹೀಗೆ ಹೇಳಿರಲಿಲ್ಲ."

ಇಜ್ಜಾ ಆ ಮಾತುಗಳನ್ನು ಒಂದಕ್ಷರ ಬಿಡದೆ ಚಿತ್ರದ ಹಿಂದೆ ಬರೆದಳು. ನಾಲ್ಕು ನಾಲ್ಕು ಏಳು ಒಂದು ಎಂಬ ಹೆಸರನ್ನು ಅಳಿಸಿ 'ಐತ್ ಉಗ್ನಿ ಕೆಂಪು ಜಮಖಾನ' ಎಂದು ಬದಲಿಸಿದಳು. ಚಿತ್ರದ ಕೆಳಗೆ, ಎಲ್ಲರಿಗೂ ಕಾಣುವಂತೆ, ಒಂದೇ ಸಾಲು: ನೇಯ್ದವರು ತೂದಾ.

ತನ್ನ ಹೆಸರನ್ನು ಬರಹದಲ್ಲಿ ನೋಡಿ ತೂದಾ ಓದಲು ಬಾರದಿದ್ದರೂ ಎರಡು ಸಲ ಬೆರಳಾಡಿಸಿದಳು.

ಉಳಿದದ್ದು ವಿಡಿಯೋ. ಇಡೀ ಮಗ್ಗ ತೋರಿಸಲು ತೂದಾ ಈಗಲೂ ಒಪ್ಪಲಿಲ್ಲ, ಶಾಮಾ ಒತ್ತಾಯಿಸಲೂ ಇಲ್ಲ. ಫೋನನ್ನು ಉಣ್ಣೆಯ ಉಂಡೆಗಳ ನಡುವೆ ಅಲುಗದಂತೆ, ಅಡ್ಡಲಾಗಿ ನಿಲ್ಲಿಸಿದರು. ತೂದಾಳ ಎರಡು ಕೈ, ಗಂಟು ಹಾಕುವ ಬೆರಳು, ಕಬ್ಬಿಣದ ಬಾಚಣಿಗೆ ಹೊಕ್ಕಿನ ನೂಲನ್ನು ಬಡಿಯುವ ಸದ್ದು. ನಲವತ್ತು ಸೆಕೆಂಡು, ಅಷ್ಟೇ. ಡೋಲಿಲ್ಲ. ಸದ್ದು ಹಾಕಿಕೊಳ್ಳದೆ ನೋಡುವವರಿಗೆಂದು ಏನು ನಡೆಯುತ್ತಿದೆ ಎಂಬುದನ್ನು ಅಡಿಯಲ್ಲಿ ಬರೆದರು.

"ಇದನ್ನ ನೇರ ಪುಟಕ್ಕೆ ಹೇರಬೇಡ ಚಿಕ್ಕಮ್ಮ. ವಿಡಿಯೋ ಇಡೋ ತಾಣದಲ್ಲಿಟ್ಟು, ಅಲ್ಲಿಂದ ಪುಟಕ್ಕೆ ಜೋಡಿಸು. ಭಾರ ಅದು ಹೊರ್ಲಿ. ಒತ್ತಿದವರಿಗೆ ಮಾತ್ರ ಓಡೋ ಹಾಗಿರ್ಲಿ, ತಾನಾಗೇ ಬಡ್ಕೊಳ್ಳಬಾರದು."

"ಉಣ್ಣೆ ಮೂಟೆ ಹೇಸರಗತ್ತೆ ಮೇಲೆ, ಕೈಯಲ್ಲಿ ಹಗ್ಗ ಮಾತ್ರ," ಅಂದಳು ಇಜ್ಜಾ. "ಗೊತ್ತಾಯ್ತು."

ಕೊನೆಯ ದಿನಕ್ಕೆ ಎರಡು ದಿನ ಮೊದಲು ಎಲ್ಲರೂ ಮತ್ತೆ ಅಕ್ರೋಟಿನ ಮರದ ಕೆಳಗೆ ಸೇರಿದರು. ಇಜ್ಜಾ ಅಭ್ಯಾಸದಂತೆ ಒಲೆಗೆ ಕಲ್ಲು ಹುಡುಕತೊಡಗಿದಳು. ತೂದಾ ಪುಟ ಒತ್ತಿದಳು. ಸಿಗ್ನಲ್ಲು ಒಂದೆಳೆ. ಚಿತ್ರ ಉಲ್ಟಾ ಬಂದರೆ? ಬಣ್ಣ ಬೇರೆಯಾದರೆ?

ಇಜ್ಜಾ ಎರಡನೇ ಕಲ್ಲು ಎತ್ತುವಷ್ಟರಲ್ಲಿ ಕೆಂಪು ಜಮಖಾನ ಪರದೆ ತುಂಬ ಹರಡಿಕೊಂಡಿತ್ತು.

"ಅಯ್ಯೋ, ಚಹಾಕ್ಕೂ ಹೊತ್ತು ಕೊಡಲಿಲ್ವಲ್ಲ," ಅಂದಳು ಇಜ್ಜಾ.

ಮೂರು ವಾರಕ್ಕೆ ಮೇಳದ ಕಚೇರಿಯಿಂದ ಕರೆ ಬಂತು. ಇಜ್ಜಾ ಎಲ್ಲರಿಗೂ ಕೇಳುವಂತೆ ದನಿ ಏರಿಸಿದಳು. ಆ ಕಡೆಯ ಹೆಂಗಸು ಸಂಘದ ಹೆಸರು ಓದಿ, ಆಯ್ಕೆಯಾಗಿದೆ ಎಂದಳು. "ಬಾಚಣಿಗೆ ಬಡಿಯೋ ವಿಡಿಯೋನಲ್ಲಿ ಇರೋ ಕೈ ಯಾರದಮ್ಮ? ಅವರು ಖಂಡಿತ ಬರಬೇಕು."

ಉಳಿದ ಐವರೂ ತೂದಾಳ ಕಡೆ ತಿರುಗಿದರು. ತೂದಾ ಎರಡೂ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದಳು. ನಿಧಾನವಾಗಿ ಹೊರಗೆ ತೆಗೆದಳು. "ನನ್ನದೇ," ಅಂದಳು. ಯಮ್ನಾ ನಾಲಿಗೆ ಹೊರಳಿಸಿ ಮದುವೆಮನೆಯ ಉಲಿ ಹಾಕಿದಳು. ಎಂಬತ್ತು ದಾಟಿದ ಆ ಗಂಟಲು ಕಣಿವೆಯ ಆಚೆ ದಡದವರೆಗೂ ಕೇಳಿಸಿತು. ಆ ದಡದಿಂದ ಇನ್ನೊಬ್ಬ ಹೆಂಗಸು, ಏನು ವಿಷಯವೆಂದು ತಿಳಿಯದೆಯೂ, ಉಲಿ ತಿರುಗಿಸಿ ಕೊಟ್ಟಳು.

ರಬಾತ್‌ನ ಮೇಳದಲ್ಲಿ ಮೊದಲ ಬೆಳಿಗ್ಗೆ ಒಬ್ಬ ಮಧ್ಯವಯಸ್ಸಿನ ಹೆಂಗಸು ನೇರವಾಗಿ ಐತ್ ಉಗ್ನಿಯ ಮಳಿಗೆಗೆ ನಡೆದು ಬಂದಳು. ಯಾರನ್ನೂ ಏನೂ ಕೇಳದೆ ಕೆಂಪು ಜಮಖಾನದ ಎಡ ಅಂಚಿಗೆ ಬಗ್ಗಿ, ತೆಳುವಾದ ಹಳದಿಯ ಮೇಲೆ ಬೆರಳಿಟ್ಟಳು.

"ಸಂಜೆ ಬಿಸಿಲು," ಅಂದಳು ಆ ಹೆಂಗಸು, ಚಿತ್ರ ತೆರೆಯುವ ಮೊದಲು ಪುಟದಲ್ಲಿ ಓದಿದ್ದ ಮಾತನ್ನೇ. ಆಮೇಲೆ ತಲೆಯೆತ್ತಿ ನಕ್ಕಳು. "ಇದು ಚಿತ್ರದಲ್ಲಿದ್ದ ಜಮಖಾನವೇ."

ತೂದಾ ಜಮಖಾನವನ್ನು ಈ ಸಲ ಮುಖ ಮೇಲಾಗುವಂತೆ ಮಡಚಿಕೊಟ್ಟಳು. ಸಂಘದ ಬೀಗದ ಕೈ ಇವತ್ತಿಗೂ ಅವಳ ಸೊಂಟದಲ್ಲೇ ಇದೆ.

ಅಕ್ಕಂದಿರೇ, ನಿಮ್ಮ ಸಂಘದ ಹಪ್ಪಳಕ್ಕೋ, ಕಸೂತಿಗೋ, ಜೇನುತುಪ್ಪಕ್ಕೋ ಒಂದು ಪುಟ ಇದ್ದೀತು. ಇವತ್ತೇ ಅದನ್ನು ನಿಮ್ಮೂರಲ್ಲಿ ಸಿಗ್ನಲ್ಲು ಎಲ್ಲಕ್ಕಿಂತ ಕಡಿಮೆ ಸಿಗುವ ಕಡೆ ನಿಂತು, ಮನೆಯ ಎಲ್ಲಕ್ಕಿಂತ ಹಳೆಯ ಫೋನಿನಲ್ಲಿ ತೆರೆದು ನೋಡಿ. ಚಹಾ ಕುದಿಯುವ ತನಕ ಕಾಯಬೇಕಾದರೆ ಚಿತ್ರಗಳ ಭಾರ ಇಳಿಸಿ. ಎರವಲು ತಂದ ಚಿತ್ರ ಇದ್ದರೆ ತೆಗೆದುಹಾಕಿ, ಬೆಳಗಿನ ನೆರಳಲ್ಲಿ ನಿಮ್ಮದೇ ವಸ್ತುವನ್ನು ಅದರ ಕೊರತೆಯೂ ಕಾಣುವಂತೆ ತೆಗೆದು ಹಾಕಿ. ಆಮೇಲೆ ಕಣ್ಣು ಮುಚ್ಚಿ ಕೂತ ಒಬ್ಬರಿಗೆ ಆ ಚಿತ್ರವನ್ನು ಮಾತಿನಲ್ಲಿ ಹೇಳಿ. ಅವರು "ಕಂಡಿತು" ಅಂದರೆ ಅದೇ ಮಾತನ್ನು ಚಿತ್ರದ ಹಿಂದೆ ಬರೆದಿಡಿ. ಕೆಳಗೆ ನಿಮ್ಮ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿ.